ಸ್ವಲ್ಪ ಬ್ಯಾಗ್ ನೋಡ್ಕೊಳ್ರೀ

ಪಟ್ಟಾಪಟ್ಟಿ ಚಡ್ಡಿಗೆ ಜೇಬಿಟ್ಟ ಮೊದಲ ದರ್ಜಿ ಯಾರೋ ಏನೋ, ನಮ್ಮ ಸೀಮೆಯ ರೈತರ ದುಡ್ಡನ್ನು ಬ್ಯಾಂಕಿನವರಿಗಿಂತ ಹೆಚ್ಚು ಕಾಲ ಕಾದವನು ಅವನೇ. ಮೇಲೆ ಪಂಚೆ, ಪಂಚೆಯೊಳಗೆ ಮಂಡಿ ಮುಟ್ಟುವ ಚಡ್ಡಿ, ಚಡ್ಡಿಗೆ ಮೊಳಕೈವರೆಗೆ ಇಳಿಯುವ ಜೇಬು, ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ನೋಟು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿ ಊರಿಗೆ ಹೊರಟ ಹಿರಿಯರು ಬಸ್ಸಿನಲ್ಲಿ ಟಿಕೆಟ್ ತಗೊಳ್ಳುವುದನ್ನು ನೋಡಬೇಕು. ಕಂಡಕ್ಟರನಿಗೆ ಕೊಡುವ ಚಿಲ್ಲರೆ ಅಂಗಿಯ ಮೇಲುಜೇಬಿನಲ್ಲೇ ಬೇರೆ ಇರುತ್ತದೆ. ಅದು ಕಂಡಕ್ಟರನಿಗೂ ಕಾಣಲಿ, ಕಳ್ಳನಿಗೂ ಕಾಣಲಿ ಅಂತಲೇ ಇಟ್ಟಿದ್ದು. ಚಡ್ಡಿಯ ಜೇಬಿಗೆ ಕೈ ಹೋಗುವುದು ಮನೆ ಸೇರಿ, ಬಾಗಿಲ ಅಗುಳಿ ಹಾಕಿ, ದೇವರ ಮುಂದೆ ನಿಂತ ಮೇಲೆಯೇ.

ಹೆಂಗಸರದ್ದು ಬೇರೆ ಇಲಾಖೆ. ಎಲೆಅಡಿಕೆ ಸಂಚಿಯ ಸುಣ್ಣದ ಡಬ್ಬಿ ಪಕ್ಕದ ಅರೆ, ಸೆರಗಿನ ಗಂಟು, ರವಿಕೆಯೊಳಗೆ ಅಂಗೈಯಷ್ಟು ಪರ್ಸು. ರಶ್ಶಿನ ಬಸ್ಸು ಕಂಡ ಕೂಡಲೇ ಸೆರಗು ಎರಡೂ ಹೆಗಲ ಮೇಲೆ ಬರುತ್ತದೆ, ತಾಳಿಸರ ರವಿಕೆಯೊಳಗೆ ಇಳಿಯುತ್ತದೆ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಸೆರಗಿಗೆ ಬೀಳುತ್ತದೆ. ಒಂದು ಕೈಯಲ್ಲಿ ಮಗು ಇದ್ದರೂ ಈ ಕೆಲಸ ನಿಲ್ಲುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತೆಗೆಯುವ ಕಷ್ಟ ತಪ್ಪಿತು, ಆದರೆ ಗುರುತಿನ ಚೀಟಿ ತೆಗೆಯುವ ಕೆಲಸ ಹೊಸದಾಗಿ ಸೇರಿತು. ಪರ್ಸು ಒಳಗೇ ಇರಲಿ ಎನ್ನುವ ಬುದ್ಧಿವಂತೆಯರು ಆಧಾರ್ ಕಾರ್ಡನ್ನು ಮೊಬೈಲಿನ ಕವರಿನ ಬೆನ್ನಿಗೆ ಸಿಕ್ಕಿಸಿಕೊಂಡಿರುತ್ತಾರೆ. ಮೊಬೈಲ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ ಅಂದರೆ, ‘ಹಂಗ್ಯಾಕ್ ಅಪಶಕುನ ನುಡೀತೀರಿ’ ಅಂತ ನಮಗೇ ಗದರುತ್ತಾರೆ.

ಇಷ್ಟೆಲ್ಲ ಬಂದೋಬಸ್ತಿಗೆ ಒಂದೇ ಒಂದು ಶತ್ರು, ನಮ್ಮದೇ ಕೈ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅದು ತಿರುಗುಮುರುಗು. ಇಲ್ಲಿ ಮುಟ್ಟಿ ನೋಡಿಕೊಳ್ಳುವವನು ಕುಂಬಳಕಾಯಿಯ ಯಜಮಾನ. ‘ಜೇಬುಗಳ್ಳರಿದ್ದಾರೆ ಎಚ್ಚರಿಕೆ’ ಎಂಬ ಬೋರ್ಡಿನ ಎದುರು ಹತ್ತು ನಿಮಿಷ ನಿಂತು ನೋಡಿ. ಓದಿದವನ ಕಣ್ಣು ಬೋರ್ಡಿನಿಂದ ಇಳಿಯುವ ಮೊದಲೇ ಕೈ ಸೊಂಟಕ್ಕೋ ಎದೆಗೋ ಹಿಂಜೇಬಿಗೋ ಹೋಗಿ ಒಂದು ಸಲ ತಟ್ಟಿ ಬರುತ್ತದೆ. ದುಡ್ಡು ಎಲ್ಲಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಯಾರಿಗಾದರೂ ಹೇಳಲು ಸಾಧ್ಯವೇ? ಜೇಬುಗಳ್ಳನಿಗೆ ಹುಡುಕುವ ಶ್ರಮವೇ ಇಲ್ಲ. ಬೋರ್ಡಿನ ಪಕ್ಕದಲ್ಲಿ ಬೀಡಿ ಸೇದುತ್ತಾ ನಿಂತರೆ ಸಾಕು.

ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ ಬದುಕುವ ನಮಗೆ ಇದು ಹೊಸ ಪಾಠವೂ ಅಲ್ಲ. ಏಳು ಸುತ್ತಿನ ಕೋಟೆ, ಸುತ್ತುಸುತ್ತಿಗೂ ಬಾಗಿಲು, ಆನೆ ನುಗ್ಗಿ ಬರದಂತೆ ತಿರುವಿ ತಿರುವಿ ಕಟ್ಟಿದ ದಾರಿ. ಹೈದರಾಲಿಯ ಕಡೆಯವರು ಅಷ್ಟು ದಿನ ಮುತ್ತಿಗೆ ಹಾಕಿ ಕೂತರೂ ಗೋಡೆ ಜಗ್ಗಲಿಲ್ಲ. ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಬಂಡೆಗಳ ನಡುವಿನ ಸಂದಿ. ಮಜ್ಜಿಗೆ ಮಾರುವವಳೊಬ್ಬಳು ದಿನಾ ಅದರಲ್ಲೇ ನುಸುಳಿ ಓಡಾಡುತ್ತಿದ್ದಳು ಎಂದು ಕತೆ ಹೇಳುತ್ತಾರೆ. ಅಲ್ಲಿನ ಕಾವಲುಗಾರ ಮುದ್ದಹನುಮ ಆ ಹೊತ್ತಿಗೆ ಊಟಕ್ಕೆ ಹೋಗಿದ್ದ. ಊಟಕ್ಕೆ ಹೋದದ್ದು ತಪ್ಪೇನಲ್ಲ, ಎಂಥ ಕಾವಲುಗಾರನಿಗೂ ಹಸಿವಾಗುತ್ತದೆ. ಗಂಡನಿಗೆ ನೀರು ತರಲು ಬಂದ ಓಬವ್ವ ಸಂದಿಯಲ್ಲಿ ಸದ್ದು ಕೇಳಿ ಒನಕೆ ಹಿಡಿದು ನಿಂತಳು ಎಂಬಲ್ಲಿಗೆ ನಾವು ಎದೆಯುಬ್ಬಿಸಿ ಕತೆ ನಿಲ್ಲಿಸುತ್ತೇವೆ. ನನಗೆ ಮಾತ್ರ ಪ್ರಯಾಣ ಹೊರಡುವಾಗಲೆಲ್ಲ ಆ ಮಜ್ಜಿಗೆಯವಳ ನೆನಪು ಜಾಸ್ತಿ. ಕೋಟೆ 1779ರಲ್ಲಿ ಹೈದರಾಲಿಯ ಪಾಲಾಯಿತು, ಅದು ಬೇರೆ ಮಾತು.

ಈಗ ಅದೇ ಕೋಟೆಗೆ ಹೋದರೆ ಲಗ್ಗೆ ಹಾಕುವವರು ಮಂಗಗಳು. ಅವಕ್ಕೆ ಕ್ಯಾಮೆರಾ ಬೇಡ, ಪರ್ಸು ಬೇಡ, ಸರ್‌ಸರ್ ಅನ್ನುವ ಪ್ಲಾಸ್ಟಿಕ್ ಕವರು ಬೇಕು. ಸಾವಿರಾರು ರೂಪಾಯಿಯ ಫೋನನ್ನು ಕೈಯಲ್ಲಿ ಎತ್ತಿ ಹಿಡಿದು ಸೆಲ್ಫಿ ತೆಗೆಯುವವನನ್ನು ಬಿಟ್ಟು, ಕಡ್ಲೆಕಾಯಿ ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವನ ಮೇಲೇ ಬೀಳುತ್ತವೆ. ಬಚ್ಚಿಟ್ಟದ್ದೇ ಬೆಲೆಬಾಳುವುದು ಎಂಬ ಲೆಕ್ಕ ಅವಕ್ಕೂ ಗೊತ್ತು. ತಿಂಡಿ ಇದ್ದರೆ ಬ್ಯಾಗಿನೊಳಗಿಟ್ಟು ಜಿಪ್ ಎಳೆದು ಕೈಬೀಸಿಕೊಂಡು ನಡೆದರೆ ತಿರುಗಿಯೂ ನೋಡುವುದಿಲ್ಲ.

ಸೊಂಟಕ್ಕೆ ಕಟ್ಟಿಕೊಂಡರೆ ನಿಶ್ಚಿಂತೆ ಎನ್ನುವವರಿಗಾಗಿ ಸುಪ್ರೀಂ ಕೋರ್ಟಿನ ತೀರ್ಪೇ ಒಂದಿದೆ. ಒಬ್ಬ ವ್ಯಾಪಾರಿ 1 ಲಕ್ಷ ರೂಪಾಯಿಯನ್ನು ಬೆಲ್ಟಿನಲ್ಲಿ ಸೊಂಟಕ್ಕೆ ಬಿಗಿದುಕೊಂಡು ರೈಲಿನಲ್ಲಿ ಮಲಗಿದ್ದ. ಎದ್ದಾಗ ದುಡ್ಡಿರಲಿಲ್ಲ. ಗ್ರಾಹಕರ ಆಯೋಗಗಳು ರೈಲ್ವೆಯೇ ಕೊಡಬೇಕು ಅಂದವು. 2023ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಪ್ರಯಾಣಿಕ ತನ್ನ ಸಾಮಾನನ್ನು ತಾನೇ ಕಾಯ್ದುಕೊಳ್ಳಲಾಗದಿದ್ದರೆ ಅದು ರೈಲ್ವೆಯ ಸೇವಾಲೋಪ ಆಗುವುದಿಲ್ಲ ಎಂದಿತು. 1989ರ ರೈಲ್ವೆ ಕಾಯ್ದೆಯ 100ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬುಕ್ ಮಾಡಿ ರಸೀದಿ ಪಡೆಯದೆ ನೀವೇ ಜೊತೆಗೆ ಒಯ್ಯುವ ಸಾಮಾನು ಹೋದರೆ, ರೈಲ್ವೆಯವರ ನಿರ್ಲಕ್ಷ್ಯವೇ ಕಾರಣ ಎಂದು ನೀವು ತೋರಿಸಬೇಕು. ಆದ್ದರಿಂದ ಕೆಳಗಿನ ಬರ್ತಿನ ಅಡಿ ಇರುವ ಕಬ್ಬಿಣದ ಕೊಂಡಿಗೆ ಸರಪಳಿ ಹಾಕಿ ಬೀಗ ಜಡಿಯುವುದು, ಜಂಕ್ಷನ್ ಬಂದಾಗ ಒಮ್ಮೆ ಕಣ್ಣು ಬಿಡುವುದು, ಏನಾದರೂ ಆದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡುವುದು ಎಲ್ಲವೂ ನಮ್ಮ ತಲೆಗೇ. ಅಂದಹಾಗೆ ಆ ಬೀಗದ ಕೀಲಿಯನ್ನು ಬೀಗ ಹಾಕಿದ ಸೂಟ್‌ಕೇಸಿನೊಳಗೇ ಇಟ್ಟು ಮಲಗಿದವರನ್ನೂ ನೋಡಿದ್ದೇನೆ. ಅವರ ಸಾಮಾನು ಅತ್ಯಂತ ಸುರಕ್ಷಿತವಾಗಿತ್ತು.

ನನ್ನ ತಲೆ ಕೆಡಿಸುವುದು ಇದಲ್ಲ. ಚಡ್ಡಿಜೇಬು, ಪಿನ್ನು, ಸರಪಳಿ, ಬೀಗ ಎಂದು ಇಡೀ ಲೋಕವನ್ನೇ ಕಳ್ಳರ ಸಂತೆ ಎಂದು ತಿಳಿದು ಹೊರಟ ಮನುಷ್ಯ, ಹಿರಿಯೂರಿನ ಹತ್ತಿರ ಬಸ್ಸು ಟೀಗೆ ನಿಂತ ಕೂಡಲೇ ಪಕ್ಕದ ಸೀಟಿನವರ ಕಡೆ ತಿರುಗಿ, ‘ಸ್ವಲ್ಪ ಬ್ಯಾಗ್ ನೋಡ್ಕೊಳ್ರೀ, ಇಲ್ಲೇ ಬಂದೆ’ ಅಂದು ಇಳಿದೇ ಬಿಡುತ್ತಾನಲ್ಲ, ಅದು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅಷ್ಟೊತ್ತಿನವರೆಗೆ ತಲೆ ಹೆಗಲಿಗೆ ವಾಲುತ್ತದೆ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದವರು ಅವರು. ಯಾವ ಅಪರಿಚಿತನಿಗೆ ಹೆದರಿ ಬೀಗ ಹಾಕಿದೆವೋ ಅದೇ ಅಪರಿಚಿತನ ಕೈಗೆ ಒಪ್ಪಿಸಿ ಹೋಗುತ್ತೇವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಬಸ್ಸು ಇನ್ನೂ ಸ್ಟ್ಯಾಂಡಿಗೆ ಪೂರಾ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ಲು, ಟವೆಲ್ಲಿಲ್ಲದಿದ್ದರೆ ಬ್ಯಾಗು, ಅದೂ ಸಾಲದಿದ್ದರೆ ಮಗುವನ್ನೇ ಒಳಗೆ ತೂರಿಸಿ ‘ಅಣ್ಣಾ, ಒಂಚೂರ್ ಸೀಟ್ ಹಿಡೀರಿ’ ಅನ್ನುತ್ತಾರೆ. ಒಳಗಿದ್ದವರು ಮರುಮಾತಿಲ್ಲದೆ ಹಿಡಿಯುತ್ತಾರೆ. ಬ್ಯಾಗಿನಲ್ಲಿ ಬಂಗಾರವಿದ್ದರೂ ಸರಿ, ಬದನೆಕಾಯಿ ಇದ್ದರೂ ಸರಿ.

ಇದು ಬರೀ ಎಚ್ಚರಗೇಡಿತನ ಅಂತ ನನಗೆ ಅನ್ನಿಸುವುದಿಲ್ಲ. ಒಳಗೊಳಗೇ ಒಂದು ಪರೀಕ್ಷೆ ನಡೆದಿರುತ್ತದೆ. ಕೈಯಲ್ಲಿ ಏನೂ ಇಲ್ಲದೆ ಬಾಗಿಲ ಪಕ್ಕ ಕೂತವನಿಗೆ ಯಾರೂ ಬ್ಯಾಗ್ ಒಪ್ಪಿಸುವುದಿಲ್ಲ. ಎರಡು ಚೀಲ, ಒಂದು ಸ್ಟೀಲ್ ಡಬ್ಬಿ, ಒಂದು ಮೊಮ್ಮಗು ಇಟ್ಟುಕೊಂಡ ಅಜ್ಜಿ ಸಿಕ್ಕರೆ ಮೊದಲ ಆದ್ಯತೆ, ಏಕೆಂದರೆ ಅವರು ಓಡಲಾರರು. ಊಟ ಬಿಚ್ಚಿಕೊಂಡು ಕೂತವರು ಎರಡನೆಯವರು, ರೊಟ್ಟಿ ಮುಗಿಯುವವರೆಗೆ ಏಳುವುದಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು ಕೊನೆಗೆ. ಅವರು ಕಳ್ಳರೆಂದಲ್ಲ, ಪಕ್ಕದಲ್ಲಿ ಬ್ಯಾಗಲ್ಲ, ಇಡೀ ಬಸ್ಸು ಕದ್ದುಹೋದರೂ ತಿಳಿಯುವುದಿಲ್ಲ ಎಂದು.

ಒಪ್ಪಿಸಿದವನು ಆರಾಮಾಗಿ ಟೀ ಕುಡಿಯುತ್ತಾನೆ, ಒಪ್ಪಿಸಿಕೊಂಡವರ ಪಾಡು ದೇವರಿಗೇ ಪ್ರೀತಿ. ತಮ್ಮ ಸಾಮಾನಿನ ಮೇಲೆ ಇಲ್ಲದ ಕಣ್ಣು ಪರರ ಬ್ಯಾಗಿನ ಮೇಲೆ ನೆಡುತ್ತದೆ. ತಮಗೇ ಅವಸರವಾದರೂ ಇಳಿಯುವಂತಿಲ್ಲ. ಯಾರಾದರೂ ಆ ಸೀಟಿನ ಹತ್ತಿರ ಸುಳಿದರೆ ‘ಜನ ಐತ್ರಿ, ಜನ ಐತಿ’ ಎಂದು ಹೇಳಿ ಹೇಳಿ ಗಂಟಲೊಣಗುತ್ತದೆ. ಅಷ್ಟರಲ್ಲಿ ಕಂಡಕ್ಟರ್ ಎರಡು ಸಲ ಸೀಟಿ ಊದುತ್ತಾನೆ. ಬ್ಯಾಗಿನ ಯಜಮಾನ ಬಂದಿಲ್ಲ. ‘ಬರ್ತಾರ್ ತಡೀರಿ, ಒಬ್ರು ಬರ್ಬೇಕು’ ಎಂದು ಅಜ್ಜಿ ಎದ್ದು ನಿಲ್ಲುತ್ತಾರೆ. ‘ಯಾರ್ ಅವ್ರು, ನಿಮ್ ಕಡೇರಾ?’ ಕೇಳಿದರೆ ಅಜ್ಜಿಗೆ ಏನು ಹೇಳಬೇಕೋ ತೋಚದು. ‘ಹ್ಞೂಂ, ನಮ್ ಕಡೇರು’ ಎಂದುಬಿಡುತ್ತಾರೆ. ಎರಡು ನಿಮಿಷದಲ್ಲಿ ಇಡೀ ಬಸ್ಸಿಗೆ ಆ ಮನುಷ್ಯನ ಅಂಗಿ ಯಾವ ಬಣ್ಣ ಎಂದು ತಿಳಿದಿರುತ್ತದೆ, ಹಿಂದಿನ ಸೀಟಿನವರು ಕಿಟಕಿಯಲ್ಲಿ ತಲೆ ಹಾಕಿ ‘ನೀಲಿ ಅಂಗೀ’ ಎಂದು ಕೂಗುತ್ತಾರೆ. ಆತ ಮಿರ್ಚಿ ಕಚ್ಚುತ್ತಾ ಬಂದು ಹತ್ತಿ, ‘ಏನ್ ಅರ್ಜೆಂಟ್ರೀ ಈ ಡ್ರೈವರ್‌ಗೆ’ ಅನ್ನುತ್ತಾನೆ. ಬ್ಯಾಗಿನ ಕಡೆ ನೋಡುವುದೂ ಇಲ್ಲ. ಅದು ಅಲ್ಲೇ ಇರುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ಇಳಿಯುವವರು ಬ್ಯಾಗಿಗಿಂತ ಮೊದಲು ಬಸ್ಸಿನ ನಂಬರ್ ನೋಡಿಕೊಳ್ಳುವುದು ಒಳ್ಳೆಯದು. ಹೆದ್ದಾರಿಯ ಹೋಟೆಲಿನೆದುರು ಒಂದೇ ಬಣ್ಣದ ನಾಲ್ಕು ಬಸ್ಸು ನಿಂತಿರುತ್ತವೆ, ಬೆಂಗಳೂರಿಗೆ ಹೊರಟವರು ನಿದ್ದೆಗಣ್ಣಲ್ಲಿ ಹುಬ್ಬಳ್ಳಿಯ ಬಸ್ಸಿಗೆ ಹತ್ತಿದರೆ ಅಜ್ಜಿ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಸ್ಲೀಪರ್ ಹತ್ತಿದ ಕೂಡಲೇ ನಾವು ಹುಡುಕುವುದು ಚಾರ್ಜಿಂಗ್ ಪಾಯಿಂಟು. ತುರ್ತು ಬಾಗಿಲು ಯಾವ ಕಡೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿ ನೇತುಹಾಕಿದ್ದಾರೆ, ನೇತುಹಾಕಿದ್ದಾರಾ ಎಂದು ನೋಡುವವರನ್ನು ಉಳಿದವರು ಹೆದರುಪುಕ್ಕಲರು ಎಂದು ನಗುತ್ತಾರೆ. ನಗಲಿ.

ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ ಎಂದು ರೈಲ್ವೆಯವರೂ ಪೊಲೀಸರೂ ಹೇಳುತ್ತಲೇ ಬಂದಿದ್ದಾರೆ. ಬಿಸ್ಕತ್ತು, ಟೀಯಲ್ಲಿ ಮತ್ತಿನ ಮದ್ದು ಬೆರೆಸಿ ದೋಚುವುದು ಕಟ್ಟುಕತೆಯೇನಲ್ಲ. ಆದರೆ ಈ ಸೂಚನೆ ಬರೆದವರು ದಾವಣಗೆರೆ ಕಡೆ ರೈಲು ಹತ್ತಿದವರಲ್ಲ. ಇಲ್ಲಿ ಪೇಪರ್ ಬಿಚ್ಚಿ, ಮಂಡಕ್ಕಿಗೆ ಈರುಳ್ಳಿ, ಖಾರ, ಎಣ್ಣೆ ಕಲಸಿ ‘ತಗೊಳ್ರಿ, ತಗೊಳ್ರಿ’ ಎಂದು ಮುಂದೆ ಹಿಡಿದ ಮೇಲೆ ಬೇಡ ಅನ್ನುವುದು ಬೈದ ಹಾಗೆ. ‘ಯಾಕ್ರಿ, ನಾವೇನ್ ವಿಷ ಹಾಕೀವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ನಮ್ಮ ಕಡೆ ಇರುವ ಒಂದೇ ಮರ್ಯಾದೆಯ ಉತ್ತರ, ‘ಇವತ್ತು ಒಪ್ಪತ್ತು ರೀ’. ಸೋಮವಾರವಾದರೆ ಈಶ್ವರ, ಶನಿವಾರವಾದರೆ ಹನುಮಪ್ಪ, ಯಾವ ವಾರಕ್ಕೂ ಒಬ್ಬ ದೇವರು ಸಿಗುತ್ತಾನೆ. ಆದರೆ ಒಪ್ಪತ್ತು ಅಂದ ಮೇಲೆ ಊರು ಮುಟ್ಟುವವರೆಗೆ ನಿಮ್ಮ ಬುತ್ತಿಯನ್ನೂ ನೀವು ಬಿಚ್ಚುವಂತಿಲ್ಲ.

ದುಡ್ಡೆಲ್ಲ ಈಗ ಫೋನಿನೊಳಗೆ ಹೊಕ್ಕು ಕೂತಿರುವುದರಿಂದ ಚಡ್ಡಿಜೇಬಿನ ಕೆಲಸ ಅರ್ಧ ಕಮ್ಮಿಯಾಗಿದೆ, ಕಳ್ಳನ ಕೆಲಸ ಕಮ್ಮಿಯಾಗಿಲ್ಲ. ಫೋನಿಗೆ ಬೆರಳಚ್ಚು, ಮುಖಚಹರೆ ಎಲ್ಲ ಇಟ್ಟವರೂ ಸಿಮ್ಮಿಗೆ ಪಿನ್ ಇಟ್ಟಿರುವುದಿಲ್ಲ. ಕದ್ದವನು ಸಿಮ್ ಕಿತ್ತು ತನ್ನ ಫೋನಿಗೆ ಹಾಕಿಕೊಂಡರೆ ಓಟಿಪಿ ಅವನಿಗೇ ಬರುತ್ತದೆ, ಇದೂ ಒಂದು ಕಿಂಡಿಯೇ. ಹೊರಡುವ ಮೊದಲು *#06# ಒತ್ತಿ ಬರುವ ಐಎಂಇಐ ನಂಬರನ್ನು ಕಾಗದದಲ್ಲಿ ಬರೆದು ಮನೆಯಲ್ಲಿಟ್ಟರೆ, ಹೋದ ಫೋನನ್ನು ಪೊಲೀಸ್ ದೂರಿನ ಜೊತೆ ಕೇಂದ್ರ ಸರ್ಕಾರದ ಸಿಇಐಆರ್ ಎಂಬ ಜಾಲತಾಣದಲ್ಲಿ ಬ್ಲಾಕ್ ಮಾಡಿಸಬಹುದು. ಬ್ಯಾಂಕ್ ಖಾತೆಗೆ ಕೈ ಬಿದ್ದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. ನಂಬರುಗಳೆಲ್ಲ ಫೋನಿನಲ್ಲೇ ಸೇವ್ ಆಗಿವೆ ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕತೆ ಅವರಿಗೂ ಗೊತ್ತಿರುತ್ತದೆ.

ಚನ್ನಗಿರಿ ಕಡೆಯ ನಮ್ಮ ಬಂಧುವೊಬ್ಬರು, ಅಡಿಕೆ ತೋಟ ಬಿಟ್ಟು ಹೆಚ್ಚು ದೂರ ಹೋಗದವರು, ದುಬೈಯಲ್ಲಿರುವ ಮಗಳ ಬಾಣಂತನಕ್ಕೆಂದು ಒಬ್ಬರೇ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದರು. ಒಳಗೆ ಹೋಗಿ ಕೂತ ಮೇಲೆ ಪಕ್ಕದಲ್ಲಿದ್ದ ಹೆಣ್ಣುಮಗಳಿಗೆ, ಬಸ್ಸಿನಲ್ಲಿ ಹೇಳುವಂತೆಯೇ, ‘ಸ್ವಲ್ಪ ಬ್ಯಾಗ್ ನೋಡ್ಕೊಳವ್ವಾ, ಇಲ್ಲೇ ಬಂದೆ’ ಅಂದರು. ಆಕೆ ಬೆಚ್ಚಿಬಿದ್ದು, ತನ್ನ ಬ್ಯಾಗನ್ನೇ ಎತ್ತಿಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತಳಂತೆ. ಆಕೆಯದೂ ತಪ್ಪಿಲ್ಲ. ಅಪರಿಚಿತರ ಸಾಮಾನು ಹಿಡಿಯಬೇಡಿ, ನಿಮ್ಮ ಸಾಮಾನು ಬಿಟ್ಟು ಏಳಬೇಡಿ ಎಂದು ಅಲ್ಲಿ ಮೈಕಿನಲ್ಲಿ ಹೇಳುತ್ತಲೇ ಇರುತ್ತಾರೆ. ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಕೋವಿ ಹಿಡಿದ ಜವಾನರು ಬರುತ್ತಾರೆ. ನಮ್ಮ ಬಂಧು ಚಟ್ನಿಪುಡಿ, ಅಂಟಿನುಂಡೆ ತುಂಬಿದ ಚೀಲ ಹೊತ್ತುಕೊಂಡೇ ಬಚ್ಚಲಿಗೆ ಹೋಗಿ, ಹೊತ್ತುಕೊಂಡೇ ಬಂದು, ಮನೆಗೆ ಫೋನ್ ಹಚ್ಚಿದರು. ‘ಎಲ್ಲಾ ಚಲೋ ಐತಿ ಇಲ್ಲಿ. ನೆಲ ಕನ್ನಡಿ ಹಂಗೈತಿ. ಆದ್ರೆ ಇಷ್ಟ್ ಜನ ಇದ್ರೂ ಚೀಲ ನೋಡ್ಕೊಳ್ಳಾಕ ಒಬ್ರೂ ಇಲ್ಲ ನೋಡು.’