ಕಾಂಗರೂಗಳು ಬಂದರು, ಮೂರು ಆಟ ಆಡಿ ಹೋದರು

ಹೆಡಿಂಗ್ಲಿ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಕ್ರಿಕೆಟ್. 2002ರಲ್ಲಿ ದ್ರಾವಿಡ್ 148 ಹೊಡೆದು, ಕುಂಬ್ಳೆ ಏಳು ವಿಕೆಟ್ ಕಿತ್ತ ಮೈದಾನ. 2025ರ ಜೂನ್‌ನಲ್ಲಿ ಕೆ.ಎಲ್. ರಾಹುಲ್ ಇಲ್ಲೇ 137 ಹೊಡೆದರು. ಆದರೂ ಇಂಗ್ಲೆಂಡ್ 371 ಬೆನ್ನಟ್ಟಿ ಗೆದ್ದಿತು, ಆ ಮಾತು ಬಿಡಿ. ಇಲ್ಲಿನ ಒಂದು ಸ್ಟ್ಯಾಂಡಿಗೆ ಎರಡು ಮುಖ. ಒಂದು ಕಡೆ ಕೂತರೆ ಕ್ರಿಕೆಟ್ ಪಿಚ್ ಕಾಣುತ್ತದೆ. ಬೆನ್ನ ಹಿಂದಿನ ಸಾಲುಗಳಲ್ಲಿ ಕೂತರೆ ರಗ್ಬಿ ಲೀಗ್, ಅಂದರೆ ಹದಿಮೂರು ಜನರ ರಗ್ಬಿ ಆಡುವ ಮೈದಾನ. ಲೀಡ್ಸ್‌ಗೆ ಬಂದು ನೆಲೆಸಿದ ಮೇಲೆ ನಾನು ಆ ಹಿಂದಿನ ಕಡೆಗೂ ಹೋಗಲು ಶುರುಮಾಡಿದೆ. ಈಗ ಅದೇ ಜಾಸ್ತಿ ಇಷ್ಟ.

ಅದೇ ವರ್ಷದ ಶರತ್ಕಾಲದಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿಗೆ ಬಂದಿತ್ತು. ಆ ತಂಡಕ್ಕೆ ಎಲ್ಲರೂ ಕರೆಯೋದು ಕಾಂಗರೂಸ್ ಅಂತ. ರಗ್ಬಿ ಲೀಗ್‌ನಲ್ಲೂ ಆಶಸ್ ಇದೆ. 2003ರ ನಂತರ ಅದು ನಡೆದೇ ಇರಲಿಲ್ಲ. ಹೀಗಾಗಿ ಯಾರ್ಕ್‌ಶೈರ್, ಲ್ಯಾಂಕಾಶೈರ್ ಜನ ಎಷ್ಟೋ ತಿಂಗಳಿಂದ ಅದೇ ಮಾತು ಆಡುತ್ತಿದ್ದರು. ಅಕ್ಟೋಬರ್ 25ಕ್ಕೆ ವೆಂಬ್ಲಿಯಲ್ಲಿ 26-6. ನವೆಂಬರ್ 1ಕ್ಕೆ ಲಿವರ್‌ಪೂಲ್‌ನಲ್ಲಿ, ಎವರ್ಟನ್ ಫುಟ್ಬಾಲ್ ಕ್ಲಬ್ಬಿನ ಹೊಸ ಮೈದಾನದಲ್ಲಿ 14-4. ನವೆಂಬರ್ 8ಕ್ಕೆ ಹೆಡಿಂಗ್ಲಿಯಲ್ಲಿ 30-8. ಮೂರೂ ಆಸ್ಟ್ರೇಲಿಯಾಕ್ಕೆ. ಆಮೇಲೆ ಅವರು ಗಂಟುಮೂಟೆ ಕಟ್ಟಿ ವಿಮಾನ ಹತ್ತಿದರು.

ಸೋತದ್ದಕ್ಕೆ ನನಗೆ ಬೇಜಾರಿಲ್ಲ. ಅವರು ಚೆನ್ನಾಗಿ ಆಡಿದರು, ಗೆದ್ದರು. ನನ್ನ ತಕರಾರು ಬೇರೆ. ಇದನ್ನು ಪ್ರವಾಸ ಅಂತ ಹೇಗೆ ಕರೆಯೋದು? ಮೂರು ಶನಿವಾರ, ಮೂರು ಆಟ. ನಮ್ಮ ಕಡೆ ಮದುವೆಗೆ ಬಂದು, ಊಟ ಮುಗಿಸಿ, ಮನೆಯವರ ಜೊತೆ ಎರಡು ಮಾತೂ ಆಡದೆ ಬಸ್ಸು ಹತ್ತುವವರು ಇರುತ್ತಾರಲ್ಲ, ಹಾಗಾಯಿತು.

ಹಿಂದೆ ಹೀಗಿರಲಿಲ್ಲ. ಈ ಆಟ ಹುಟ್ಟಿದ್ದೇ ಕೂಲಿ ವಿಷಯಕ್ಕೆ. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವ ಆಟಗಾರ ಶನಿವಾರದ ಪಾಳಿ ತಪ್ಪಿಸಿ ಆಡಿದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು ಅಂತ ಉತ್ತರ ಇಂಗ್ಲೆಂಡಿನ ರಗ್ಬಿ ಕ್ಲಬ್ಬುಗಳು ಕೇಳಿದವು. ರಗ್ಬಿ ಆಳುತ್ತಿದ್ದ ದೊಡ್ಡವರು ಆಗಲ್ಲ ಅಂದರು. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಆ ಕ್ಲಬ್ಬಿನವರು ಸೇರಿ ಬೇರೆಯಾದರು. ಆಮೇಲೆ ಹದಿನೈದು ಜನರ ಆಟ ಹದಿಮೂರಕ್ಕೆ ಇಳಿಯಿತು, ನಿಯಮಗಳೂ ಬೇರೆಯಾದವು. ಈಗಂತೂ ಚೆಂಡು ಹಿಡಿದು ಓಡುವ ತಂಡದವರನ್ನು ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. ಕಬಡ್ಡಿ ನೋಡಿ ಬೆಳೆದವರಿಗೆ ಹಿಡಿತದ ಕಲೆ ಬೇಗ ಅರ್ಥವಾಗುತ್ತದೆ.

ವಿದೇಶ ಪ್ರವಾಸವೂ ಇಂಥದ್ದೇ ಹಟದಿಂದ ಶುರುವಾಯಿತು. 1907ರಲ್ಲಿ ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ಅಂಚೆ ಇಲಾಖೆಯ ಗುಮಾಸ್ತ ಆಲ್ಬರ್ಟ್ ಬಾಸ್ಕರ್‌ವಿಲ್ ಒಂದು ತಂಡ ಕಟ್ಟಿದ. ಆಟಗಾರರು ತಲೆಗೆ 50 ಪೌಂಡ್ ತಾವೇ ಹಾಕಿ ಇಂಗ್ಲೆಂಡಿನ ಹಡಗು ಹತ್ತಿದರು. ಹೋಗುವ ದಾರಿಯಲ್ಲಿ ಸಿಡ್ನಿಯ ಆಟಗಾರ ಡ್ಯಾಲಿ ಮೆಸೆಂಜರ್‌ನನ್ನೂ ಸೇರಿಸಿಕೊಂಡರು. ಬಾಸ್ಕರ್‌ವಿಲ್ ಮನೆ ಮುಟ್ಟಲಿಲ್ಲ. ವಾಪಸ್ಸು ಬರುವಾಗ ಬ್ರಿಸ್ಬೇನ್‌ನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡ.

ಮರುವರ್ಷ, 1908ರಲ್ಲಿ, ಮೊದಲ ಕಾಂಗರೂಸ್ ಬಂದರು. ಜೊತೆಗೆ ನಿಜವಾದ ಕಾಂಗರೂ ಒಂದನ್ನೂ ತಂದಿದ್ದರು. ಪಾಪ, ಅದು ಇಲ್ಲಿನ ಚಳಿಗಾಲ ದಾಟಲಿಲ್ಲ. ಆಟಗಾರರು 40ಕ್ಕೂ ಜಾಸ್ತಿ ಪಂದ್ಯ ಆಡಿದರು. ದುಡ್ಡು ಮಾತ್ರ ಕೈಗೆ ಹತ್ತಲಿಲ್ಲ, ಕೆಲವರು ಇಲ್ಲಿನ ಕ್ಲಬ್ಬುಗಳಲ್ಲೇ ಉಳಿದುಬಿಟ್ಟರು.

1982ರ ಪ್ರವಾಸದ ಬಗ್ಗೆ ಇಲ್ಲಿ ಇವತ್ತಿಗೂ ಮಾತು ಮುಗಿದಿಲ್ಲ. ಮ್ಯಾಕ್ಸ್ ಕ್ರಿಲಿಚ್ ನಾಯಕ, 28 ಜನರ ತಂಡ. ವಾಲಿ ಲೂಯಿಸ್, ಪೀಟರ್ ಸ್ಟರ್ಲಿಂಗ್, ಮಾಲ್ ಮೆನಿಂಗ, ಮುಂದೆ ದೊಡ್ಡ ಹೆಸರು ಮಾಡಿದ ಇವರೆಲ್ಲ ಆಗಿನ್ನೂ ಹುಡುಗರು. ಬ್ರಿಟನ್‌ನಲ್ಲಿ 15, ಫ್ರಾನ್ಸ್‌ನಲ್ಲಿ 7 ಪಂದ್ಯ. 22ಕ್ಕೆ 22 ಗೆದ್ದರು. ಆದರೆ ಅವರು ಎಲ್ಲೆಲ್ಲಿ ಹೋಗಿದ್ದರು ನೋಡಿ. ಹಡಗು ಕಟ್ಟುವ ಬ್ಯಾರೋ. ಗಣಿ, ಗಿರಣಿಗಳ ಲೀ. ರಾಸಾಯನಿಕ ಕಾರ್ಖಾನೆಗಳ ವಿಡ್ನೆಸ್. ಸ್ಕಾಟ್ಲೆಂಡ್ ಗಡಿ ಹತ್ತಿರದ ಕಾರ್ಲೈಲ್. ಬ್ಯಾರೋ ಅಂದರೆ ನಕ್ಷೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ಮೂಲೆ. ಆ ದಾರಿಯಲ್ಲಿ ಇನ್ನೆಲ್ಲಿಗೂ ಹೋಗೋಕಾಗಲ್ಲ. ಪ್ರಪಂಚದ ಅತ್ಯುತ್ತಮ ತಂಡ ಅಲ್ಲಿಗೂ ಬಸ್ಸಿನಲ್ಲಿ ಹೋಗಿ ಆಡಿ ಬಂದಿತು.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ತಂದೆ ಹಲ್ ಊರಿನವರು. ಆ ವರ್ಷದ ಮೊದಲ ಟೆಸ್ಟ್ (ಇಲ್ಲಿ ದೇಶ-ದೇಶಗಳ ನಡುವಿನ ಪಂದ್ಯಕ್ಕೂ ಹಾಗೇ ಅನ್ನುತ್ತಾರೆ) ನಡೆದದ್ದು ಅವರ ಊರಿನ ಬೂತ್‌ಫೆರಿ ಪಾರ್ಕ್‌ನಲ್ಲಿ. ಬ್ರಿಟನ್ 40-4ರಿಂದ ಮಣ್ಣುಮುಕ್ಕಿತು. ಅದನ್ನು ಅವರು ಮೊಮ್ಮಗಳ ಹುಟ್ಟುಹಬ್ಬದ ಸುದ್ದಿ ಹೇಳುವಷ್ಟು ಖುಷಿಯಿಂದ ಹೇಳುತ್ತಾರೆ. ಮೆನಿಂಗನ ತೊಡೆ ಎಷ್ಟು ದಪ್ಪ ಇತ್ತು ಅಂತ ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ನಾನು ಮೊದಲು ತಮಾಷೆ ಅಂದುಕೊಂಡೆ. ನಮ್ಮಲ್ಲಿ ಭಾರತ ಅಷ್ಟು ಕೆಟ್ಟದಾಗಿ ಸೋತಿದ್ದರೆ ಆ ದಿನವನ್ನು ಯಾರೂ ನೆನೆಯೋದೇ ಇಲ್ಲ. ಟೀವಿ ಆರಿಸಿ, ನಾಯಕನಿಗೆ ನಾಲ್ಕು ಬೈದು ಮಲಗುತ್ತೇವೆ. ಇವರಿಗೆ ತಮ್ಮ ಊರಿಗೆ ಅಂಥವರು ಬಂದದ್ದೇ ದೊಡ್ಡದು. ಸ್ಟ್ಯಾಂಡಿನಲ್ಲೂ ಹಾಗೇ. ಎರಡೂ ತಂಡದ ಅಭಿಮಾನಿಗಳು ಪಕ್ಕಪಕ್ಕ ನಿಲ್ಲುತ್ತಾರೆ, ನಡುವೆ ಪೊಲೀಸರ ಸಾಲು ಇರೋದಿಲ್ಲ. ಪಕ್ಕದಲ್ಲಿ ನಿಂತವರು ಕೈಯಲ್ಲಿ ಬಿಸಿ ಪೈ ಹಿಡಿದುಕೊಂಡು ಎದುರಾಳಿಯ ಒಳ್ಳೆಯ ಓಟಕ್ಕೆ ತೊಡೆ ತಟ್ಟುತ್ತಾರೆ. ಚಪ್ಪಾಳೆ ಹೊಡೆಯೋಕೆ ಇನ್ನೊಂದು ಕೈ ಬೇಕಲ್ವಾ.

ಪ್ರವಾಸದ ತಂಡ ಟೆಸ್ಟುಗಳ ನಡುವೆ ಊರಿನ ಕ್ಲಬ್ಬಿನ ಜೊತೆ ಆಡುವ ಇಂಥ ಮಧ್ಯವಾರದ ಪಂದ್ಯ ಅಂದರೆ ಸುಮ್ನೆ ಅಭ್ಯಾಸ ಅಂತಲೂ ಅಲ್ಲ. 1978ರಲ್ಲಿ ಇದೇ ವಿಡ್ನೆಸ್, ಆಮೇಲೆ ವಾರಿಂಗ್ಟನ್ ಕ್ಲಬ್ಬುಗಳು ಕಾಂಗರೂಸ್‌ನ್ನು ಸೋಲಿಸಿದ್ದವು. ಆ ಊರುಗಳಲ್ಲಿ ಅದನ್ನು ಮರೆತಿಲ್ಲ, ಮರೆಯೋದೂ ಇಲ್ಲ. 2024ರಲ್ಲೂ ವಿಗನ್ ಕ್ಲಬ್ ತನ್ನ ಊರಲ್ಲೇ ಆಸ್ಟ್ರೇಲಿಯಾದ ಚಾಂಪಿಯನ್ ಪೆನ್ರಿತ್ ತಂಡವನ್ನು 16-12ರಿಂದ ಸೋಲಿಸಿತು. ಕ್ಲಬ್ಬುಗಳಿಗೆ ಆ ತಾಕತ್ತು ಈಗಲೂ ಇದೆ.

ಇದೆಲ್ಲ ಯೋಚಿಸುವಾಗ ನನಗೆ ಹುಬ್ಬಳ್ಳಿ ನೆನಪಾಗುತ್ತದೆ. 2013ರಲ್ಲಿ ವೆಸ್ಟ್ ಇಂಡೀಸ್ ಎ ತಂಡ ಬಂದಾಗ ನಾಲ್ಕು ದಿನದ ಪಂದ್ಯಗಳನ್ನು ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಯಲ್ಲಿ ಇಟ್ಟಿದ್ದರು. ಹುಬ್ಬಳ್ಳಿಯಲ್ಲಿ ಪೂಜಾರ ಔಟಾಗದೆ 306 ಹೊಡೆದರು. ಆವತ್ತು ಕಾಲೇಜಿಗೆ ಚಕ್ಕರ್ ಹಾಕಿ ಮೈದಾನಕ್ಕೆ ಹೋದ ಹುಡುಗರು ಎಷ್ಟಿದ್ದರೋ. ಅದಕ್ಕೂ ಮೊದಲು, 2010ರ ಜನವರಿಯಲ್ಲಿ, ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಎದುರು ರಣಜಿ ಫೈನಲ್. ಮನೀಶ್ ಪಾಂಡೆ 144 ಹೊಡೆದರೂ ಆರೇ ರನ್ನಿನಿಂದ ಸೋತೆವು. ಯಾವ ಮೈಸೂರಿನವರನ್ನು ಬೇಕಾದರೂ ಕೇಳಿ, ಆ ಕೊನೆಯ ದಿನದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಅಂದಹಾಗೆ, ಇದು ಸೋತ ಆಟದ ನೆನಪು. ನಾನು ಮೇಲೆ ಬರೆದದ್ದಕ್ಕೆ ನಮ್ಮಲ್ಲೂ ಅಪವಾದ ಇದೆ ಅಂತಾಯಿತು. ಆಟ ಬಾಗಿಲಿಗೆ ಬಂದರೆ ನಾವೂ ಹಲ್ ಊರಿನವರ ಹಾಗೇ ಆಗುತ್ತೇವೋ ಏನೋ.

ಆದರೆ ನಮ್ಮಲ್ಲೂ ಗಾಳಿ ಆ ಕಡೆಗೇ ಬೀಸುತ್ತಿದೆ. ಹೊರಗಿನಿಂದ ಬಂದ ತಂಡ ಮೊದಲೆಲ್ಲ ದಕ್ಷಿಣ ವಲಯದಂಥ ತಂಡಗಳ ಜೊತೆ ಆಡಿಯೇ ಟೆಸ್ಟಿಗೆ ಹೋಗುತ್ತಿತ್ತು. ಈಗ ಅಂಥ ಪಂದ್ಯ ಹೆಚ್ಚುಕಮ್ಮಿ ಮಾಯ. ನೇರ ಟೆಸ್ಟ್, ನೇರ ವಿಮಾನ ನಿಲ್ದಾಣ.

ಮೂರೇ ಆಟದ ಪ್ರವಾಸ ಅನ್ನೋ ನನ್ನ ತಕರಾರಿಗೆ ಇಲ್ಲಿನ ಗೆಳೆಯರು ಎರಡು ಉತ್ತರ ಕೊಡುತ್ತಾರೆ. ಒಂದು, ದುಡ್ಡು. ವೆಂಬ್ಲಿಗೆ 60,000ಕ್ಕೂ ಜಾಸ್ತಿ ಜನ ಬಂದರು, ಲಿವರ್‌ಪೂಲ್‌ಗೆ 50,000ಕ್ಕೂ ಜಾಸ್ತಿ. ಹೆಡಿಂಗ್ಲಿಗೆ ಹಿಡಿಯೋದೇ 20,000ದ ಒಳಗೆ. 2003ರಲ್ಲಿ ಮೂರೂ ಟೆಸ್ಟ್ ವಿಗನ್, ಹಲ್, ಹಡರ್ಸ್‌ಫೀಲ್ಡ್‌ನಲ್ಲಿ, ಅಂದರೆ ಆಟದ ತವರಲ್ಲೇ ನಡೆದಿದ್ದವು. ಈ ಲೆಕ್ಕ ನಾನು ಒಪ್ಪುತ್ತೇನೆ. ಲಂಡನ್ನಿಗೆ ಒಯ್ಯುವುದೇನೂ ಹೊಸದಲ್ಲ. 1908ರಲ್ಲಿ ಮೊದಲ ಟೆಸ್ಟ್ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲೇ ಆಗಿತ್ತು, ಜನ ಬರಲಿಲ್ಲ ಅಷ್ಟೇ. ಈಗ ಬರುತ್ತಾರೆ, ಒಳ್ಳೆಯದೇ ಆಯಿತು. ಆದರೆ ಆಗ ಲಂಡನ್ನಿಗೆ ಹೋದವರು ಸಣ್ಣ ಊರುಗಳನ್ನು ಬಿಟ್ಟಿರಲಿಲ್ಲ.

ಇನ್ನೊಂದು ಉತ್ತರ, ಆಟಗಾರರ ಮೈ. ಇದು ಗಟ್ಟಿ ಮಾತು. ಆಸ್ಟ್ರೇಲಿಯಾದ ಲೀಗ್ ಮಾರ್ಚ್‌ನಿಂದ ಅಕ್ಟೋಬರ್ ಮೊದಲ ವಾರದ ತನಕ ನಡೆಯುತ್ತದೆ. ನೂರು ಕಿಲೋ ತೂಕದವರು ವಾರವಾರ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಂದಿರುತ್ತಾರೆ. ತಲೆಗೆ ಬೀಳುವ ಏಟಿನ ಬಗ್ಗೆ ಈಗ ಗೊತ್ತಿರುವಷ್ಟು 1982ರಲ್ಲಿ ಗೊತ್ತಿರಲಿಲ್ಲ. ಅವರನ್ನು 22 ಪಂದ್ಯ ಆಡಿಸಿ ಅಂತ ನಾನಂತೂ ಹೇಳಲಾರೆ.

ಟೆಸ್ಟುಗಳ ನಡುವೆ ಕ್ಲಬ್ ಪಂದ್ಯ ಎರಡು ಸಾಕು. ಅಕ್ಟೋಬರ್ 25, ನವೆಂಬರ್ 1, ನವೆಂಬರ್ 8. ಮೂರು ಶನಿವಾರಗಳ ನಡುವೆ ಎರಡು ವಾರ ಖಾಲಿ ಇದ್ದವು. ಟೆಸ್ಟಿನಲ್ಲಿ ಜಾಗ ಸಿಗದ ಹುಡುಗರು ಅಷ್ಟು ದೂರ ಬಂದು ಬರೀ ಅಭ್ಯಾಸ ಮಾಡಿ ಹೋದರು. ತಂಡಕ್ಕೆ ಇನ್ನೂ ಆರೇಳು ಜನ ಎಳೆಯರನ್ನು ಸೇರಿಸಿಕೊಂಡು ಬಂದರೆ ದೊಡ್ಡ ಆಟಗಾರರಿಗೆ ಆಯಾಸ ಇಲ್ಲ. ಒಂದು ಮಂಗಳವಾರ ಬ್ಯಾರೋ, ಇನ್ನೊಂದು ಮಂಗಳವಾರ ವಿಡ್ನೆಸ್. ಗಲ್ಲಾ ಎಷ್ಟು ಬಂದರೂ ಆ ಕ್ಲಬ್ಬಿಗೇ ಇರಲಿ. ಹಲ್ ಊರಿನ ಆ ಹಿರಿಯರ ಮುಂದೆ ಈ ಲೆಕ್ಕ ಇಟ್ಟೆ. ಅವರು ಬ್ಯಾರೋ ಬಿಟ್ಟುಬಿಡು, ಅಲ್ಲಿಗೆ ಡ್ರೈವ್ ಮಾಡೋಕೆ ನನಗೆ ಈಗ ಆಗಲ್ಲ, ಬದಲಿಗೆ ಹಲ್‌ಗೆ ಕೊಡಿಸು ಅಂದರು.