ನಾಲ್ಕು ಗಾಲಿಯ ಲೆಕ್ಕ

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರು ಇವತ್ತು ನನ್ನ ಸೈಕಲ್ಲನ್ನು ಕಾರು ಅಂತ ತೀರ್ಮಾನ ಮಾಡಿದ್ದಾರೆ. ಅಭಿನಂದನೆ ಹೇಳೋರು ಕೆಳಗೆ ಹೇಳಬಹುದು.

ಬೆಳಿಗ್ಗೆ ಇಲ್ಲೇ ಪುಣೆಯ ಬಾವಧನ್‌ಗೆ ರೊಟ್ಟಿ ಕೊಟ್ಟು ವಾಪಸ್ ಬಂದೆ. ಗೇಟು ದಾಟೋಕೆ ಮುಂಚೆಯೇ ವಾಚ್‌ಮನ್ ಅಡ್ಡ ನಿಂತ. "ಕಾಕಾ, ಸೆಕ್ರೆಟರಿ ಸಾಹೇಬಾಂನಿ ಥಾಂಬವಾಯ್ಲಾ ಸಾಂಗಿತಲಂಯ್." ನನ್ನನ್ನು ತಡೆಯೋಕೆ ಸೆಕ್ರೆಟರಿ ಹೇಳಿದ್ದಾರಂತೆ. ಸಾಹೇಬರು ಚಹಾದ ಕಪ್ ಹಿಡಿದೇ ಇಳಿದು ಬಂದರು. ಬೆರಳಿಟ್ಟು ಎಣಿಸಿದರು. ಸೈಕಲ್ಲಿನವು ಎರಡು, ಹಿಂದಿನ ಟ್ರೇಲರ್‌ನವು ಎರಡು, ಒಟ್ಟು ನಾಲ್ಕು. ಮೋಟರೂ ಇದೆ. ಹಾಗಾಗಿ ಫೋರ್ ವೀಲರ್ ಪಾರ್ಕಿಂಗ್ ಶುಲ್ಕ ಕಟ್ಟಬೇಕು! ಮನುಷ್ಯ ಇಂಜಿನಿಯರ್ ಬೇರೆ.

ಸೈಕಲ್ಲು ಅಪ್ಪ ಬಿಟ್ಟುಹೋದದ್ದು, ಅದರ ಕಥೆ ಮತ್ತೆ ಕೊರೆಯಲ್ಲ. ನನ್ನ ಮೊಣಕಾಲು ಮೊದಲಿನ ಹಾಗಿಲ್ಲ. ಕೋಥ್ರುಡ್ ಡಿಪೋ ದಾಟಿ ಚಾಂದನಿ ಚೌಕ್ ಕಡೆ ಏರುವಾಗ, ಹಿಂದೆ ಮೂವತ್ತು ಕಿಲೋ ಜೋಳದ ಹಿಟ್ಟು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ನನ್ನ ವಯಸ್ಸು ನನಗೆ ಸರಿಯಾಗಿ ನೆನಪಾಗುತ್ತದೆ. ಮುಂದಿನ ಗಾಲಿಗೆ ಮೋಟರ್ ಹಾಕಿ, ನಡುವಿನ ಪೈಪಿಗೆ ಬ್ಯಾಟರಿ ಬಿಗಿಯೋಣ ಅಂದ ಮೆಕ್ಯಾನಿಕ್. ಅಪ್ಪನ ಸೈಕಲ್ಲಿಗಾ? ಆಗಲ್ಲ ಅಂದೆ. ಅದಕ್ಕೇ ಈ ಟ್ರೇಲರ್. ಅದರ ಎಡಗಾಲಿಯ ನಡುವೆಯೇ ಕೂರುವ 250 ವಾಟ್‌ನ ಹಬ್ ಮೋಟರ್, ಹೊಟ್ಟೆಯೊಳಗೆ ಬ್ಯಾಟರಿ, ಅಲ್ಲಿಂದ ಒಂದು ವೈರು ನನ್ನ ಹ್ಯಾಂಡಲ್‌ವರೆಗೆ. ಹೊರೆ ತನ್ನನ್ನು ತಾನೇ ಹೊತ್ತುಕೊಂಡು, ನನಗೂ ಬೆನ್ನಿಗೊಂದು ಕೈ ಕೊಡುತ್ತದೆ. ಪಿನ್ ಎಳೆದರೆ ಮುಗೀತು, ಸೈಕಲ್ಲು ಅಪ್ಪ ಬಿಟ್ಟುಹೋದ ಹಾಗೇ ಇದೆ. ಹೊರೆ ಇಲ್ಲದ ದಿನ ಮೋಟರೂ ಇಲ್ಲ.

ಇಷ್ಟು ಹೇಳಿದ ಮೇಲೂ ಎಲ್ಲರದೂ ಒಂದೇ ಮಾತು: "ಸ್ಕೂಟರ್ ತಗೋಬಹುದಿತ್ತಲ್ಲ?" ತಗೋಬಹುದಿತ್ತು. ಹೆಲಿಕಾಪ್ಟರ್ ಕೂಡ ತಗೋಬಹುದಿತ್ತು.

ಸಾಹೇಬರ ಎರಡನೇ ಅನುಮಾನ, ನಾನು ಸೊಸೈಟಿಯ ಕರೆಂಟ್ ಕದೀತೀನಿ ಅಂತ. ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ಗುಣಿಸಿದರೆ 360 ವಾಟ್ ಅವರ್, ಅಂದರೆ ಅರ್ಧ ಯೂನಿಟ್ಟೂ ಇಲ್ಲ. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ನಾಲ್ಕು ರೂಪಾಯಿ ಒಳಗೆ. ಅದನ್ನೂ ದಿನಾ ಬಿಚ್ಚಿ, ನಾಲ್ಕನೇ ಮಹಡಿಗೆ ಒಯ್ದು, ಮನೆಯ ಮೀಟರ್‌ನಲ್ಲೇ ಚಾರ್ಜ್ ಮಾಡ್ತೀನಿ. ಅವರು ಬೆಳಿಗ್ಗೆ ಕಾರು ತೊಳೆಯೋಕೆ ಬಿಡುವ ನೀರಿನ ಲೆಕ್ಕ ನಾನು ಯಾವತ್ತಾದರೂ ಕೇಳಿದ್ದೀನಾ?

ಮೋಟರ್ ಇದ್ದ ಮೇಲೆ ಅದು ಗಾಡಿಯೇ ತಾನೆ ಅಂತ ಕೆಲವರು ಶಾಸ್ತ್ರ ತೆಗೀತಾರೆ. ಸ್ವಾಮಿ, ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲೇ ಬ್ಯಾಟರಿ ದ್ವಿಚಕ್ರಕ್ಕೆ ವಿನಾಯಿತಿ ಇದೆ. ಮೋಟರ್ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ನೋಂದಣಿ ಬೇಡ. ನಾನೂ ಅದೇ ಗೆರೆಯೊಳಗೆ ಇಟ್ಟುಕೊಂಡಿದ್ದೀನಿ. ನನ್ನ ಏರಿನ ವೇಗ ನೋಡಿದರೆ ನಗ್ತೀರಿ. ನಡೆದು ಹೋಗೋ ಅಜ್ಜಿಯರು ನನ್ನನ್ನು ಮಾತಾಡಿಸಿ, ಊರು ಕೇಳಿ, ಮುಂದೆ ಹೋಗ್ತಾರೆ.

ಟ್ರೇಲರ್ ಸೈಕಲ್ಲನ್ನು ಹಿಂದಿನಿಂದ ತಳ್ಳೋದು ಅಪಾಯ ಅನ್ನೋ ಮಾತಿದೆಯಲ್ಲ, ಅದೊಂದನ್ನು ಮಾತ್ರ ತಳ್ಳಿಹಾಕೋಕೆ ನನ್ನ ನಾಲಿಗೆ ಸ್ವಲ್ಪ ತೊದಲುತ್ತೆ. ಹೇಳೇಬಿಡ್ತೀನಿ. ಹೋದ ಮಳೆಗಾಲದಲ್ಲಿ ನಾಯಿ ಅಡ್ಡ ಬಂದು ಬಿದ್ದೆ ಅಂತ ಎಲ್ಲರಿಗೂ ಹೇಳಿದ್ದೆ, ನಾಯಿ ಇರಲೇ ಇಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಜಂಬದಿಂದ ಎಕ್ಸಲೇಟರ್ ಒತ್ತಿದೆ. ನಾನು ಎಡಕ್ಕೆ ತಿರುಗಿದೆ, ಟ್ರೇಲರ್ ನೇರಕ್ಕೇ ತಳ್ಳಿತು, ಎರಡೂ ಸೇರಿ ಅಡಕತ್ತಿಯ ಹಾಗೆ ಮಡಚಿಕೊಂಡವು. ನಡುವಿನ ಅಡಿಕೆ ನಾನು. ನೂರು ಕಡಕ್ ರೊಟ್ಟಿ ನುಚ್ಚಾದವು. "ರೀ, ನಾಯಿಗೇನೂ ಆಗ್ಲಿಲ್ಲ ಹೌದಲ್ರೀ?" ಅಂತ ನಮ್ಮಾಕಿ ಕೇಳಿದ್ದಳು ಪಾಪ. ನಾಲ್ಕು ದಿನ ಆ ನುಚ್ಚನ್ನೇ ಮಜ್ಜಿಗೆಯಲ್ಲಿ ನೆನೆಸಿ ತಿಂದೆವು.

ಆಮೇಲೆ ಬುದ್ಧಿ ಬಂತು. ಸೀಟಿನ ಕೆಳಗಿದ್ದ ಟ್ರೇಲರ್ ಕೊಂಡಿಯನ್ನು ಹಿಂಗಾಲಿಯ ಅಚ್ಚಿನ ಹತ್ತಿರಕ್ಕೆ ಇಳಿಸಿದೆ. ಬ್ರೇಕ್ ಹಿಡಿದ ಕೂಡಲೇ ಮೋಟರ್ ಬಂದ್ ಆಗೋ ಸ್ವಿಚ್ ಹಾಕಿಸಿದೆ. ತಿರುವಿನಲ್ಲಿ ಎಕ್ಸಲೇಟರ್ ಮುಟ್ಟೋದಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನ್ಯೂವೀಲ್ ಅನ್ನೋ ಕಂಪನಿ ಇನ್ನೂ ಜಾಣತನ ಮಾಡಿತ್ತು. ಜೋಡಣೆಯಲ್ಲೇ ಸೆನ್ಸರ್ ಇಟ್ಟು, ಸೈಕಲ್ಲು ಎಳೆದಾಗ ಎಷ್ಟು ಬೇಕೋ ಅಷ್ಟೇ ಮೋಟರ್ ಓಡೋ ಹಾಗೆ. ನಮ್ಮದು ಅಷ್ಟು ನಾಜೂಕಿನದಲ್ಲ, ನಿಜ. ಆದರೆ ಬಿದ್ದದ್ದು ಒಂದೇ ಸಲ. ಸ್ಕೂಟರ್‌ನಿಂದ ಎಷ್ಟು ಸಲ ಬಿದ್ದಿದ್ದೀರಿ, ಸಾಹೇಬರೇ?

ಸಂಜೆ ಫಾರಂ ಬಂತು. ಟೂ ವೀಲರ್, ಫೋರ್ ವೀಲರ್, ಎರಡೇ ಖಾನೆ. ಫೋರ್ ವೀಲರ್‌ಗೇ ಟಿಕ್ ಮಾಡಿ, ಶುಲ್ಕವನ್ನೂ ಕಟ್ಟಿ ಬಂದೆ. ನಾಳೆಯಿಂದ ಸಾಹೇಬರ ಕಾರಿನ ಪಕ್ಕದ ಪೂರ್ತಿ ಜಾಗ ನನ್ನದು. ಸೈಕಲ್ಲು, ಟ್ರೇಲರ್ ನಿಲ್ಲಿಸಿದ ಮೇಲೂ ಮುಕ್ಕಾಲು ಭಾಗ ಖಾಲಿ ಉಳಿಯುತ್ತೆ. ಅಲ್ಲಿ ಅಗಸಿ ಒಣಗಿಸಬಹುದಾ ಅಂತ ನಮ್ಮಾಕಿ ಕೇಳ್ತಿದ್ದಾಳೆ. ನಾಯಿ ವಿಷಯ ಇನ್ನೂ ಓದಿಲ್ಲ ಅನ್ಸುತ್ತೆ.