ದನಸಹಾಯ

ನಮ್ಮ ಮಾವ ನಿವೃತ್ತ ಕನ್ನಡ ಮೇಷ್ಟ್ರು. ಮೊನ್ನೆ ಫೋನ್ ಮಾಡಿ, "ಹೊಸ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆಲ್ಲ ಬಾವು ಬಂದಿದೆ" ಎಂದರು. ಹೋಗಿ ನೋಡಿದರೆ ನಿಜ. ಮೊದಲೇ ದುಂಡಗಿರುವ ನಮ್ಮ ಅಕ್ಷರಗಳು ಅಡ್ಡಡ್ಡ ಉಬ್ಬಿ, ತಟ್ಟೆ ಇಡ್ಲಿಗಳಂತೆ ಸಾಲಾಗಿ ಕುಳಿತಿದ್ದವು. ಪರದೆಯ ಹುಟ್ಟುಗುಣ 1920×1080, ಅಂದರೆ ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಯಾರೋ (ಮೊಮ್ಮಗನ ಮೇಲೆ ನನ್ನ ಅನುಮಾನ) ರೆಸಲ್ಯೂಷನ್ನನ್ನು, ಅಂದರೆ ಈ ಚುಕ್ಕಿಗಳ ಲೆಕ್ಕವನ್ನು, 1024×768ಕ್ಕೆ ಇಳಿಸಿದ್ದರು.

ಹೊಟ್ಟೆ ಮುಂದೆ ಬಂದ ಹಳೆಯ ಮಾನಿಟರುಗಳ ಕಾಲದಲ್ಲಿ ಈ ಉಪಾಯ ನಡೆಯುತ್ತಿತ್ತು. ಎಲ್‌ಸಿಡಿ ಪರದೆ ಹಾಗಲ್ಲ. ಅದರ ಚುಕ್ಕಿಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು. 1024 ಚುಕ್ಕಿಗಳ ಸಾಲನ್ನು 1920ರ ಮೇಲೆ ಹರಡುವುದೆಂದರೆ, ಐದು ಜನರ ಸಾರಿಗೆ ನೀರು ಬೆರೆಸಿ ಒಂಬತ್ತು ಜನರಿಗೆ ಬಡಿಸಿದ ಹಾಗೆ.

ತಿಳಿಸಾರಾದರೂ ಇಂಗ್ಲಿಷಿನವರು ಹೇಗೋ ಉಂಡೇಳುತ್ತಾರೆ. ನಮ್ಮ ಪಾಡು ಬೇರೆ. ದಕಾರದ ಕೆಳಗೆ ಒಂದು ಪುಟ್ಟ ಸೀಳು ಬಿದ್ದರೆ ಧಕಾರ. ಪಕಾರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ಷಕಾರ. ಕೆಳಗೆ ಜೋತುಬಿದ್ದ ಒತ್ತಕ್ಷರಗಳಂತೂ ಬಾಡಿಗೆಯ ಮನೆಯ ಔಟ್‌ಹೌಸಿನಲ್ಲಿರುವವರು, ಜಾಗ ಸಾಲದೆ ಮೊದಲು ನಲುಗುವವರು ಅವರೇ. ಮಾವ ಯಾವುದೋ ಸಂಘಕ್ಕೆ ಧನಸಹಾಯ ಕೋರಿ ಪತ್ರ ಬರೆಯುತ್ತಿದ್ದರು. ಪರದೆಯಲ್ಲಿ ಮಾತ್ರ 'ದನಸಹಾಯ'. ಧಕಾರ ಬರಲೆಂದು ಶಿಫ್ಟ್ ಹಿಡಿದು ಡಿ ಒತ್ತುವುದು, ಕನ್ನಡಕ ಒರೆಸುವುದು, ಅಳಿಸುವುದು, ಮತ್ತೆ ಒತ್ತುವುದು. ಬೆಳಿಗ್ಗೆಯಿಂದ ಇದೇ ಕೆಲಸವಂತೆ. ಕೀಲಿಮಣೆಯ ತಪ್ಪೇನೂ ಇರಲಿಲ್ಲ. ಸೀಳು ಮಸುಕಿನಲ್ಲಿ ಮುಚ್ಚಿಹೋಗಿತ್ತು.

ರೆಸಲ್ಯೂಷನ್ನನ್ನು ಅದರ ಹುಟ್ಟುಗುಣಕ್ಕೇ ಮರಳಿಸಿದೆ. ಅಕ್ಷರ ಸಾಸಿವೆಯಾಯಿತು. "ಈ ಬದಲಾವಣೆ ಉಳಿಯಲೇ?" ಎಂದು ಕಂಪ್ಯೂಟರ್ ಕೇಳಿ, ಹದಿನೈದರಿಂದ ಹಿಂದಕ್ಕೆ ಎಣಿಸತೊಡಗಿತು. ಮಾವ ಗಾಬರಿಯಿಂದ "ಬೇಡ ಬೇಡ" ಎನ್ನುವಷ್ಟರಲ್ಲಿ ನಾನು ಹೂಂ ಎಂದು ಒತ್ತಿಬಿಟ್ಟಿದ್ದೆ. ಆಮೇಲೆ ಸ್ಕೇಲನ್ನು 125 ಪ್ರತಿಶತಕ್ಕೆ ಏರಿಸಿದೆ, ಸಾಲಲಿಲ್ಲ. 150ಕ್ಕೆ ಮುಖ ಅರಳಿತು. ಚುಕ್ಕಿಗಳನ್ನು ಕದಲಿಸದೆ ಅಕ್ಷರವನ್ನೇ ದೊಡ್ಡದಾಗಿ ಬರೆಸುವ ದಾರಿ ಇದು.

ಕೊನೆಗೆ ವಿಂಡೋಸಿನೊಳಗೇ ಇರುವ ಕ್ಲಿಯರ್‌ಟೈಪ್ ಎಂಬ ಸೌಲಭ್ಯ. ಅಕ್ಷರದ ಅಂಚನ್ನು ನಯಗೊಳಿಸಲು ಅದು ಒಂದೊಂದು ಚುಕ್ಕಿಯೊಳಗಿನ ಕೆಂಪು, ಹಸಿರು, ನೀಲಿಗಳನ್ನೂ ಬೇರೆಬೇರೆಯಾಗಿ ದುಡಿಸಿಕೊಳ್ಳುತ್ತದೆ. ಕಣ್ಣಿನ ಡಾಕ್ಟರಂತೆ "ಇದು ಚೆನ್ನಾಗಿದೆಯೋ, ಅದೋ?" ಎಂದು ಮಾದರಿಗಳನ್ನು ಮುಂದಿಟ್ಟಿತು. ಎಲ್ಲವೂ ಇಂಗ್ಲಿಷಿನವೇ. "ಒತ್ತಕ್ಷರವಿಲ್ಲದೆ ಏನು ಪರೀಕ್ಷೆ?" ಎಂದು ಮೇಷ್ಟ್ರು ಗೊಣಗಿದರು. ನನಗೂ ಹಾಗೇ ಅನ್ನಿಸಿತು.

ಪತ್ರ ಮತ್ತೆ ತೆರೆದಾಗ ಧಕಾರದ ಸೀಳು ಹೊಳೆಯುತ್ತಿತ್ತು. ಮಾವ ಮೊದಲ ಸಾಲು ಓದಿದರು, ಎರಡನೆಯದನ್ನು ಓದಿದರು, ಮೂರನೆಯದರಲ್ಲಿ ಹುಬ್ಬು ಗಂಟಾಯಿತು. ಒಂದು 'ವಿಶೇಪ', ಅದರ ಪಕ್ಕದಲ್ಲೇ ಒತ್ತು ತಪ್ಪಿದ 'ಅಧ್ಯಕರು'. ಅವರ ಕೈ ತಾನಾಗಿ ಕಿಸೆಗೆ ಹೋಗಿ ಕೆಂಪು ಪೆನ್ನು ಹೊರಬಂತು. ಪರದೆಗೆ ಮೊನೆ ತಾಗುವ ಮೊದಲು ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.